ಪೌರನ ಪತ್ನಿಗೆ ಪ್ರವಾಸಿಯ ವೀಸಾ

ಅಮೆರಿಕ ಸಂಯುಕ್ತ ಸಂಸ್ಥಾನದ ಪೌರನೊಬ್ಬನನ್ನು ವಿವಾಹವಾದ ಭಾರತೀಯ ಸ್ತ್ರೀಗೆ ಆ ದೇಶದ ಬಾಗಿಲು ತಾನಾಗಿಯೇ ತೆರೆದುಕೊಳ್ಳುವುದೆಂಬ ನಂಬಿಕೆ ನಮ್ಮಲ್ಲಿ ಬಹುಕಾಲದಿಂದ ಬೇರೂರಿದೆ. ಹಾಗೆ ನಂಬಿದವರು, ಕಾಯಿಲೆ ಬಿದ್ದ ಅತ್ತೆಯನ್ನು ನೋಡಿ ಬರಲೆಂದೋ ನಾದಿನಿಯ ಮದುವೆಯಲ್ಲಿ ಸೇರಿಕೊಳ್ಳಲೆಂದೋ ಒಂದು ತಿಂಗಳ ಮಟ್ಟಿಗೆ ಪ್ರವಾಸಿ ವೀಸಾವನ್ನು ಬೇಡಿ, ಚೆನ್ನೈಯ ಕಾನ್ಸುಲೇಟಿನ ಕಿಟಕಿಯ ಮುಂದೆ ನಿಂತು, ಮೂರು ನಾಲ್ಕು ಪ್ರಶ್ನೆಗಳಿಗೆ ಉತ್ತರ ಹೇಳುವಷ್ಟರಲ್ಲಿ ನಿರಾಕರಣದ ಚೀಟಿಯನ್ನು ಕೈಯಲ್ಲಿ ಹಿಡಿದು ಹೊರಗೆ ಬಂದಾಗ, ಅವರಿಗಾಗುವ ವಿಸ್ಮಯವು ಅವರ ದುಃಖಕ್ಕಿಂತಲೂ ದೊಡ್ಡದು. ಅಮೆರಿಕದಲ್ಲಿ ದೂರದ ನೆಂಟರೂ ಇಲ್ಲದ ವರ್ತಕನಿಗೆ ಹತ್ತು ವರ್ಷಗಳ ವೀಸಾ ದೊರೆಯುತ್ತದೆ. ಆ ದೇಶದ ಪೌರನ ಸಹಧರ್ಮಿಣಿಗೆ ಒಂದು ತಿಂಗಳ ಪ್ರವೇಶವೂ ದೊರೆಯುವುದಿಲ್ಲ. ಇದು ಅಧಿಕಾರಿಯೊಬ್ಬನ ಕಾಠಿಣ್ಯದಿಂದ ಆದುದೆಂದು ಅನೇಕರು ಭಾವಿಸುತ್ತಾರೆ. ಅದರ ಮೂಲವಿರುವುದು ಕಾನೂನಿನಲ್ಲಿ. ಆ ಕಾನೂನಿನ ದೃಷ್ಟಿಯಲ್ಲಿ ಪೌರನೊಡನೆ ಆದ ವಿವಾಹವು ಪ್ರವಾಸಿಯ ಅರ್ಜಿಗೆ ಬಲವನ್ನು ಕೊಡತಕ್ಕ ಸಂಗತಿಯಲ್ಲ, ಅದಕ್ಕೆ ಎದುರಾಗಿ ನಿಲ್ಲತಕ್ಕ ಸಂಗತಿ. ಇದನ್ನು ಮೊದಲೇ ತಿಳಿದುಕೊಂಡ ದಂಪತಿಗಳು ಅರ್ಜಿಯನ್ನು ಬರೆಯುವ ಬಗೆಯೇ ಬೇರೆಯಾಗುತ್ತದೆ.

ಇಂತಹ ದಂಪತಿಗಳು ಇಂದು ನಮ್ಮ ನಾಡಿನಲ್ಲಿ ವಿರಳರಲ್ಲ. ಇಪ್ಪತ್ತು ಮೂವತ್ತು ವರ್ಷಗಳ ಹಿಂದೆ ಕೆಲಸಕ್ಕಾಗಿ ಸಮುದ್ರ ದಾಟಿ ಹೋಗಿ, ಅಲ್ಲಿಯ ಪೌರತ್ವವನ್ನು ಸ್ವೀಕರಿಸಿ, ಅನಂತರ ತಂದೆತಾಯಿಗಳ ವೃದ್ಧಾಪ್ಯವನ್ನು ನೆನೆದೋ ಹುಟ್ಟಿದೂರಿನ ಮೋಹದಿಂದಲೋ ಬೆಂಗಳೂರಿಗೆ, ಮೈಸೂರಿಗೆ, ಧಾರವಾಡಕ್ಕೆ ಹಿಂದಿರುಗಿ, ಸಾಗರೋತ್ತರ ಭಾರತೀಯರಿಗೆ ಕೊಡುವ ಓಸಿಐ ಕಾರ್ಡನ್ನು ಪಡೆದು ಇಲ್ಲಿಯೇ ನೆಲೆಸಿರುವವರು ಎಷ್ಟೋ ಮಂದಿ. ಅವರಲ್ಲಿ ಕೆಲವರು ಹಿಂದಿರುಗಿದ ಮೇಲೆ ಇಲ್ಲಿಯೇ ಮದುವೆಯಾದರು. ಕೆಲವರ ಪತ್ನಿಯರು ಅಮೆರಿಕದಲ್ಲಿದ್ದಾಗಲೂ ಭಾರತದ ಪೌರತ್ವವನ್ನು ಬಿಡಲಿಲ್ಲ. ಇಂಥ ಮನೆಯವರು ಬೇಸಗೆಯ ರಜೆಯಲ್ಲಿ ಅಮೆರಿಕಕ್ಕೆ ಹೊರಟರೆಂದರೆ, ತಂದೆಯ ಕೈಯಲ್ಲಿ ಆ ದೇಶದ ಪಾಸ್‌ಪೋರ್ಟು, ಹುಟ್ಟಿನಿಂದಲೇ ಪೌರತ್ವವನ್ನು ಪಡೆದ ಮಕ್ಕಳ ಕೈಯಲ್ಲಿಯೂ ಅದೇ ಪಾಸ್‌ಪೋರ್ಟು, ತಾಯಿಯೊಬ್ಬಳಿಗೆ ಮಾತ್ರ ವೀಸಾ ಬೇಕು. ಒಂದೇ ಮನೆಯ ಒಲೆಯಲ್ಲಿ ಉಂಡವರೊಳಗೆ ಒಬ್ಬಳು ಮಾತ್ರ ಪರದೇಶದವಳೆನಿಸಿಕೊಂಡು ತನ್ನ ಉದ್ದೇಶದ ಶುದ್ಧಿಯನ್ನು ಸಾಧಿಸಿ ತೋರಿಸಬೇಕಾಗಿ ಬರುವ ಈ ಸ್ಥಿತಿಯನ್ನು ಅನುಭವಿಸಿದವರಿಗೆ ಅದರ ನೋವು ಎಂಥದೆಂದು ಬೇರೆ ವಿವರಿಸಬೇಕಾಗಿಲ್ಲ. ಪೌರಳು ಪತ್ನಿಯಾಗಿ ಪರದೇಶದವನು ಪತಿಯಾಗಿದ್ದರೂ ಮಾತು ಇದೇ. ಮುಂದೆ ನಾನು ಪತ್ನಿಯೆಂದು ಬರೆದಲ್ಲೆಲ್ಲ ಓದುಗರು ಪತಿಯೆಂದೂ ಓದಿಕೊಳ್ಳಬಹುದು.

ಅಮೆರಿಕದ ವಲಸೆಯ ವ್ಯವಸ್ಥೆಗೆಲ್ಲ ಇಂದಿಗೂ ತಳಹದಿಯಾಗಿರುವುದು, ಅಧ್ಯಕ್ಷ ಟ್ರೂಮನ್ ತಮ್ಮ ಅಸಮ್ಮತಿಯನ್ನು ಸೂಚಿಸಿ ಹಿಂದಕ್ಕೆ ಕಳುಹಿಸಿದರೂ ಅಲ್ಲಿಯ ಕಾಂಗ್ರೆಸ್ಸು ಅದನ್ನು ಮೀರಿ ೧೯೫೨ರ ಜೂನ್ ತಿಂಗಳಿನಲ್ಲಿ ಅಂಗೀಕರಿಸಿದ ವಲಸೆ ಮತ್ತು ರಾಷ್ಟ್ರೀಯತೆಯ ಶಾಸನ. ಅದರ ೨೧೪ನೆಯ ಪ್ರಕರಣದ ‘ಬಿ’ ಎಂಬ ಉಪಪ್ರಕರಣವು ಹೇಳುವುದಿಷ್ಟು: ವೀಸಾ ಬೇಡಿ ಬಂದ ಪ್ರತಿಯೊಬ್ಬ ವಿದೇಶೀಯನನ್ನೂ, ತಾನು ತಾತ್ಕಾಲಿಕವಾಗಿ ಬಂದು ಹೋಗತಕ್ಕವನೆಂಬುದನ್ನು ಅವನು ಅಧಿಕಾರಿಗೆ ಮನವರಿಕೆ ಮಾಡಿಕೊಡುವವರೆಗೂ, ನೆಲೆಸುವುದಕ್ಕಾಗಿಯೇ ಬರುತ್ತಿರುವ ವಲಸಿಗನೆಂದು ಭಾವಿಸತಕ್ಕದ್ದು. ನ್ಯಾಯಸ್ಥಾನದಲ್ಲಿ ಆರೋಪಿಯು ನಿರಪರಾಧಿಯೆಂಬ ಭಾವನೆಯಿಂದ ವಿಚಾರಣೆ ಪ್ರಾರಂಭವಾಗುವುದನ್ನು ಬಲ್ಲ ನಮಗೆ ಇದು ವಿಪರೀತವಾಗಿ ತೋರಬಹುದು. ಇಲ್ಲಿ ಸಂದೇಹವೇ ಆರಂಭಬಿಂದು. ಅದನ್ನು ನಿವಾರಿಸುವ ಭಾರವೆಲ್ಲ ಅರ್ಜಿದಾರನದು. ಪ್ರವಾಸಿಯೆಂದರೆ ಯಾರೆಂಬುದನ್ನೂ ಅದೇ ಶಾಸನವು ನಿರೂಪಿಸಿದೆ: ತಾನು ಬಿಟ್ಟುಕೊಡುವ ಉದ್ದೇಶವಿಲ್ಲದ ವಾಸಸ್ಥಾನವೊಂದನ್ನು ಪರದೇಶದಲ್ಲಿ ಉಳ್ಳವನಾಗಿ, ಸಂತೋಷಕ್ಕಾಗಿಯೋ ವ್ಯವಹಾರಕ್ಕಾಗಿಯೋ ಕೆಲವು ಕಾಲ ಬಂದು ಹೋಗುವವನು. ಸಂತೋಷಕ್ಕಾಗಿ ಬರುವವನ ವೀಸಾಕ್ಕೆ ಬಿ-೨ ಎಂದು ಹೆಸರು. ನೆಂಟರನ್ನು ಕಾಣುವುದು, ಊರು ನೋಡುವುದು, ಚಿಕಿತ್ಸೆ ಪಡೆಯುವುದು, ಇವೆಲ್ಲ ಅದರೊಳಗೆ ಅಡಕವಾಗಿವೆ.

ಈ ಉಪಪ್ರಕರಣದ ಬಿಸಿ ನಮ್ಮ ಜನರಲ್ಲಿ ಎಲ್ಲರಿಗೂ ಒಂದೇ ಸಮನಾಗಿ ತಾಗಿಲ್ಲ. ಅದರಿಂದ ಒಂದು ಅನರ್ಥವೂ ಆಗಿದೆ. ೧೯೯೦ರಲ್ಲಿ ಮಾಡಿದ ತಿದ್ದುಪಡಿಯ ಪ್ರಕಾರ ಎಚ್-೧ಬಿ ವೀಸಾದಲ್ಲಿ ಹೋಗುವ ತಂತ್ರಜ್ಞರನ್ನೂ, ಸಂಸ್ಥೆಯೊಂದರ ಒಂದು ಶಾಖೆಯಿಂದ ಇನ್ನೊಂದಕ್ಕೆ ವರ್ಗವಾಗಿ ಎಲ್-೧ ವೀಸಾದಲ್ಲಿ ಹೋಗುವವರನ್ನೂ ಈ ಸಂದೇಹದಿಂದ ಮುಕ್ತಗೊಳಿಸಲಾಯಿತು. ತಾತ್ಕಾಲಿಕವಾಗಿ ಕೆಲಸ ಮಾಡುತ್ತಲೇ ಶಾಶ್ವತವಾಗಿ ನೆಲೆಸುವ ಇಚ್ಛೆಯನ್ನೂ ಇಟ್ಟುಕೊಳ್ಳಲು ಅವರಿಗೆ ಕಾನೂನಿನ ಅನುಮತಿಯುಂಟು. ಅವರೊಡನೆ ಹೋಗುವ ಪತ್ನಿಯರಿಗೂ ಅದರ ನೆರಳು ದೊರೆಯುತ್ತದೆ. ಬೆಂಗಳೂರಿನಿಂದ ಅಮೆರಿಕಕ್ಕೆ ಹೋದವರಲ್ಲಿ ಬಹುಸಂಖ್ಯಾತರ ಅನುಭವ ಈ ಬಗೆಯ ವೀಸಾಗಳದೇ ಆದುದರಿಂದ, ಮದುವೆಯ ಸರ್ಟಿಫಿಕೇಟನ್ನು ತೋರಿಸಿದರೆ ಸಾಕು, ಹೆಂಡತಿಗೆ ವೀಸಾ ಆದಂತೆಯೇ ಎಂಬ ಸಲಹೆಯು ಬಂಧುಗಳ ಬಾಯಿಂದ ನಿಸ್ಸಂಕೋಚವಾಗಿ ಹೊರಡುತ್ತದೆ. ಎಚ್-೧ಬಿ ನೌಕರನ ಹೆಂಡತಿಗೆ ಅದು ದಿಟವಾದ ಮಾತು. ಪೌರನ ಹೆಂಡತಿ ಪ್ರವಾಸಿಯಾಗಿ ಹೋಗಬಯಸಿದಾಗ ಅದೇ ಸರ್ಟಿಫಿಕೇಟು ಸಂದೇಹದ ಮೂಲವಾಗುತ್ತದೆ. ತಾತ್ಕಾಲಿಕ ನೌಕರನ ಪತ್ನಿಗೆ ದೊರೆಯುವ ಸೌಲಭ್ಯವು ಪೌರನ ಪತ್ನಿಗೆ ಇಲ್ಲವೆಂಬುದು ನ್ಯಾಯವೆಂದು ನನಗೆ ಎಂದಿಗೂ ತೋರಿಲ್ಲ. ಆದರೆ ಇರುವ ಕಾನೂನು ಹೀಗಿದೆ.

ಅಧಿಕಾರಿಯ ಸ್ಥಾನದಲ್ಲಿ ನಿಂತು ನೋಡಿದರೆ ಆತನ ಸಂದೇಹವು ಕೇವಲ ನಿರಾಧಾರವೆಂದು ಹೇಳುವುದಕ್ಕಾಗುವುದಿಲ್ಲ. ಪೌರನ ಪತ್ನಿಯು ಅಲ್ಲಿಯ ಕಾನೂನಿನಲ್ಲಿ ‘ಸಮೀಪಬಂಧು’ ಎಂಬ ವರ್ಗಕ್ಕೆ ಸೇರಿದವಳು. ಆ ವರ್ಗಕ್ಕೆ ೧೯೬೫ರ ತಿದ್ದುಪಡಿಯಿಂದೀಚೆಗೆ ವರ್ಷಕ್ಕೆ ಇಷ್ಟೇ ಮಂದಿಯೆಂಬ ಮಿತಿಯಿಲ್ಲ. ಉಳಿದ ಭಾರತೀಯರು ಗ್ರೀನ್ ಕಾರ್ಡಿಗಾಗಿ ದಶಕಗಳ ಕಾಲ ಕಾಯುತ್ತಿರುವಾಗ ಈಕೆಗೆ ಮಿತಿಯ ಸರದಿಯೇ ಇಲ್ಲ. ಪತಿಯು ಐ-೧೩೦ ಎಂಬ ಅರ್ಜಿಯನ್ನು ಸಲ್ಲಿಸಬೇಕು. ಅದು ಮಂಜೂರಾಗಿ, ಕಾಗದಪತ್ರಗಳು ರಾಷ್ಟ್ರೀಯ ವೀಸಾ ಕೇಂದ್ರವನ್ನು ಹಾದು, ಮುಂಬಯಿಯ ಕಾನ್ಸುಲೇಟಿನಲ್ಲಿ ವೈದ್ಯಪರೀಕ್ಷೆಯ ವರದಿಯೊಡನೆ ಸಂದರ್ಶನ ನಡೆಯುವುದಕ್ಕೆ ಸಾಮಾನ್ಯವಾಗಿ ಒಂದು ವರ್ಷಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ. ಈ ದೀರ್ಘವಾದ ಹಾದಿಯ ಪಕ್ಕದಲ್ಲಿಯೇ ಇನ್ನೊಂದು ಒಳದಾರಿಯುಂಟು. ಸಕ್ರಮವಾದ ವೀಸಾದಿಂದ, ಅಧಿಕಾರಿಯ ಪರಿಶೀಲನೆಗೆ ಒಳಪಟ್ಟು ದೇಶದೊಳಗೆ ಬಂದವಳು ಪೌರನ ಪತ್ನಿಯಾಗಿದ್ದ ಪಕ್ಷದಲ್ಲಿ, ಅಲ್ಲಿಂದ ಕದಲದೆಯೇ ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿಕೊಳ್ಳಬಹುದು. ಆ ಹೊತ್ತಿಗೆ ಆಕೆಯ ವಾಸದ ಅವಧಿ ಮೀರಿದ್ದರೂ ಸಮೀಪಬಂಧುವಿನ ವಿಷಯದಲ್ಲಿ ಅದನ್ನು ಕ್ಷಮಿಸಲಾಗುತ್ತದೆ. ಪ್ರವಾಸಿ ವೀಸಾವೊಂದು ಕೈಗೆ ಬಂದರೆ ವರ್ಷದ ಕಾಯುವಿಕೆಯನ್ನು ಗಂಡನ ಮನೆಯಲ್ಲಿಯೇ ಕಳೆಯಬಹುದೆಂಬ ಆಕರ್ಷಣೆ ಇದರಿಂದ ಹುಟ್ಟುತ್ತದೆ. ಆ ಆಕರ್ಷಣೆಗೆ ಒಳಗಾದವರು ಹಿಂದೆ ಇದ್ದರು, ಈಗಲೂ ಇದ್ದಾರೆ. ಅವರಿಗಾಗಿ ಒಡ್ಡಿದ ಅಡ್ಡಗಟ್ಟೆ, ಅತ್ತೆಮಾವಂದಿರನ್ನು ಕಂಡು ನಾಲ್ಕು ವಾರಗಳಲ್ಲಿ ಮರಳಿ ಬರಬೇಕೆಂದಿರುವ ಅಧ್ಯಾಪಿಕೆಗೂ ಎದುರಾಗುತ್ತದೆ.

ಆ ಒಳದಾರಿಯ ಅಪಾಯವನ್ನು ಇಲ್ಲಿಯೇ ಸ್ಪಷ್ಟವಾಗಿ ಹೇಳಿಬಿಡಬೇಕು. ಏಕೆಂದರೆ ಅದನ್ನು ಹಿತವಚನವೆಂಬಂತೆ ಕಿವಿಯಲ್ಲಿ ಹೇಳುವವರಿಗೆ ಕೊರತೆಯಿಲ್ಲ. ಅಲ್ಲಿಗೆ ಹೋದ ಮೇಲೆ ಸಂದರ್ಭ ಬದಲಾಗಿ ಅರ್ಜಿ ಹಾಕಿಕೊಳ್ಳುವುದು ಬೇರೆ. ನೆಲೆಸುವ ಸಂಕಲ್ಪವನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಪ್ರವಾಸಿಯೆಂದು ಹೇಳಿ ವೀಸಾ ಪಡೆಯುವುದು ಬೇರೆ. ಎರಡನೆಯದು ಕಾನೂನಿನ ಕಣ್ಣಿನಲ್ಲಿ ಮಿಥ್ಯಾನಿರೂಪಣೆ. ಅದು ಸಿದ್ಧವಾದರೆ ಆ ವ್ಯಕ್ತಿಗೆ ಅಮೆರಿಕದ ಪ್ರವೇಶವು ಆಜೀವಪರ್ಯಂತ ನಿಷಿದ್ಧ. ಅದಕ್ಕೆ ವಿನಾಯಿತಿ ಬೇಡುವ ದಾರಿ ಒಂದುಂಟಾದರೂ ಅದು ಕಷ್ಟಸಾಧ್ಯವಾದುದು. ದೇಶವನ್ನು ಪ್ರವೇಶಿಸಿದ ತೊಂಬತ್ತು ದಿನಗಳೊಳಗೆ ಪ್ರವಾಸಿಯ ಸ್ಥಿತಿಗೆ ಹೊಂದದ ನಡತೆ ಕಂಡುಬಂದರೆ, ವೀಸಾ ಪಡೆಯುವಾಗ ಹೇಳಿದ್ದು ಸುಳ್ಳೆಂದು ಊಹಿಸಿಕೊಳ್ಳಲು ಅಲ್ಲಿಯ ವಿದೇಶಾಂಗ ಇಲಾಖೆಯ ಕೈಪಿಡಿಯು ೨೦೧೭ರಿಂದ ತನ್ನ ಅಧಿಕಾರಿಗಳಿಗೆ ಅವಕಾಶ ಕೊಟ್ಟಿದೆ. ಒಂದು ವರ್ಷದ ಅಗಲಿಕೆಯನ್ನು ತಪ್ಪಿಸಿಕೊಳ್ಳಹೋಗಿ ಒಂದು ಜೀವಮಾನದ ಅಗಲಿಕೆಯನ್ನು ತಂದುಕೊಳ್ಳುವ ಈ ಸಾಹಸವನ್ನು ಯಾರೂ ಮಾಡಬಾರದೆಂದು ನಾನು ಕೈಜೋಡಿಸಿ ಬೇಡುತ್ತೇನೆ.

ಪೌರನನ್ನು ವಿವಾಹವಾದ ಪರದೇಶೀಯರ ಬಗ್ಗೆ ಆ ರಾಷ್ಟ್ರದ ಧೋರಣೆಯು ಎಲ್ಲ ಕಾಲದಲ್ಲಿಯೂ ಒಂದೇ ಆಗಿರಲಿಲ್ಲ. ಆ ಇತಿಹಾಸವನ್ನು ಸ್ವಲ್ಪ ನೋಡಿದರೆ ಇಂದಿನ ಕಿಟಕಿಯ ಮುಂದೆ ನಡೆಯುವುದು ಹೆಚ್ಚು ವಿಶದವಾಗುತ್ತದೆ. ೧೯೦೭ರ ಶಾಸನದ ಪ್ರಕಾರ ಪರದೇಶದವನನ್ನು ಮದುವೆಯಾದ ಅಮೆರಿಕದ ಸ್ತ್ರೀಯೇ ತನ್ನ ಪೌರತ್ವವನ್ನು ಕಳೆದುಕೊಳ್ಳುತ್ತಿದ್ದಳು. ಸ್ಯಾನ್ ಫ್ರಾನ್ಸಿಸ್ಕೋದ ಎಥೆಲ್ ಮೆಕೆಂಜಿಯವರು, ಬ್ರಿಟಿಷ್ ಪ್ರಜೆಯೊಬ್ಬರನ್ನು ವಿವಾಹವಾದ ಕಾರಣಕ್ಕೆ ತಮಗೆ ಮತಾಧಿಕಾರವನ್ನು ನಿರಾಕರಿಸಿದುದನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದವರೆಗೆ ಹೋದರು, ೧೯೧೫ರಲ್ಲಿ ಸೋತರು. ೧೯೨೨ರಲ್ಲಿ ಆ ನಿಯಮವನ್ನು ಸಡಿಲಿಸಲಾಯಿತಾದರೂ, ಪೌರತ್ವಕ್ಕೆ ಅನರ್ಹರೆನಿಸಿದ ಜನಾಂಗದವರನ್ನು ವರಿಸಿದ ಸ್ತ್ರೀಯರಿಗೆ ಆ ಸಡಿಲಿಕೆ ಅನ್ವಯಿಸಲಿಲ್ಲ. ಮರುವರ್ಷವೇ ಭಗತ್ ಸಿಂಗ್ ಥಿಂಡ್ ಅವರ ಮೊಕದ್ದಮೆಯಲ್ಲಿ ಭಾರತೀಯರೂ ಆ ಅನರ್ಹರ ಪಂಕ್ತಿಗೆ ಸೇರಿದವರೆಂದು ನ್ಯಾಯಾಲಯವು ತೀರ್ಮಾನಿಸಿತು. ಅದರ ಫಲವನ್ನು ಉಂಡವರಲ್ಲಿ, ಭಾರತದ ಸ್ವಾತಂತ್ರ್ಯಕ್ಕಾಗಿ ಹೋರಾಡಿದ ತಾರಕನಾಥ ದಾಸರನ್ನು ವರಿಸಿದ್ದ ಮೇರಿ ದಾಸ್ ಅವರೂ ಒಬ್ಬರು. ಭಾರತೀಯನ ಪತ್ನಿಯಾದುದರಿಂದ ಆಕೆ ಇನ್ನು ಅಮೆರಿಕದ ಪೌರಳಲ್ಲವೆಂದು ಆಕೆಯ ದೇಶದ ಸರ್ಕಾರವೇ ಹೇಳಿತು. ಈ ಅನ್ಯಾಯವು ೧೯೩೧ರಲ್ಲಿ ಕೊನೆಗೊಂಡಿತು.

ಎರಡನೆಯ ಮಹಾಯುದ್ಧದ ಅನಂತರ, ಹೊರದೇಶಗಳಲ್ಲಿ ಮದುವೆಯಾದ ಸೈನಿಕರ ಪತ್ನಿಯರನ್ನು ಶೀಘ್ರವಾಗಿ ಕರೆತರುವುದಕ್ಕಾಗಿ ೧೯೪೫ರ ಡಿಸೆಂಬರಿನಲ್ಲಿ ‘ಯುದ್ಧವಧು’ಗಳ ಶಾಸನವೊಂದನ್ನು ಮಾಡಲಾಯಿತು. ಅಂತಹ ವಧುಗಳಲ್ಲಿ ಒಬ್ಬರಾಗಿ ೧೯೪೮ರಲ್ಲಿ ನ್ಯೂಯಾರ್ಕಿಗೆ ಬಂದಿಳಿದ, ಜರ್ಮನಿಯಲ್ಲಿ ಜನಿಸಿದ ಎಲೆನ್ ನಾಫ್ ಅವರನ್ನು, ಕಾರಣವನ್ನೇ ತಿಳಿಸದೆ, ಗೋಪ್ಯವಾದ ಮಾಹಿತಿಯ ಆಧಾರದ ಮೇಲೆ ಎಲಿಸ್ ದ್ವೀಪದಲ್ಲಿ ತಡೆದಿರಿಸಲಾಯಿತು. ಪರದೇಶದವರನ್ನು ಹೊರಗಿಡುವ ವಿಷಯದಲ್ಲಿ ಸರ್ಕಾರದ ನಿರ್ಣಯವನ್ನು ತಾನು ಪರಿಶೀಲಿಸತಕ್ಕದ್ದಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ೧೯೫೦ರಲ್ಲಿ ಹೇಳಿತು. ಪತ್ರಿಕೆಗಳೂ ಜನಪ್ರತಿನಿಧಿಗಳೂ ಆಕೆಯ ಪರವಾಗಿ ದನಿಯೆತ್ತಿದ ಮೇಲೆ ೧೯೫೧ರಲ್ಲಿ ಆಕೆಗೆ ಪ್ರವೇಶ ದೊರೆಯಿತೇ ಹೊರತು, ಆ ತೀರ್ಪಿನ ತತ್ತ್ವವು ಅಳಿಯಲಿಲ್ಲ. ೨೦೨೪ರ ಜೂನ್ ೨೧ರಂದು, ಸಾಂಡ್ರಾ ಮುನ್ಯೋಸ್ ಎಂಬ ಪೌರಳ ಮೊಕದ್ದಮೆಯಲ್ಲಿ, ತನ್ನ ವಿದೇಶೀ ಪತಿಯನ್ನು ದೇಶದೊಳಗೆ ಬಿಟ್ಟುಕೊಳ್ಳಬೇಕೆಂದು ಕೇಳುವ ಮೂಲಭೂತವಾದ ಹಕ್ಕು ಪೌರನಿಗೆ ಇಲ್ಲವೆಂದು ಅದೇ ನ್ಯಾಯಾಲಯದ ಬಹುಮತವು ಸಾರಿತು. ಮುನ್ಯೋಸ್ ಅವರ ಪತಿ ಬೇಡಿದ್ದು ನೆಲೆಸುವ ವೀಸಾವನ್ನು. ನೆಲೆಸುವುದಕ್ಕೇ ಇಲ್ಲದ ಹಕ್ಕು ಒಂದು ತಿಂಗಳ ಭೇಟಿಗೆ ಇದ್ದೀತೆಂದು ನಿರೀಕ್ಷಿಸುವಂತಿಲ್ಲ. ‘ನಾನು ಅಮೆರಿಕದ ಪೌರ, ನನ್ನ ಹೆಂಡತಿಗೆ ಹೇಗೆ ಇಲ್ಲವೆನ್ನುತ್ತಾರೆ?’ ಎಂದು ಕೇಳುವ ಪತಿಯ ಕಳವಳ ಸಹಜವಾದುದು. ಆದರೆ ಆ ಪ್ರಶ್ನೆಯನ್ನು ಎತ್ತಬಹುದಾದ ನ್ಯಾಯಪೀಠವೊಂದು ಆತನಿಗೆ ಇಲ್ಲ.

ಬೇರೆ ದೇಶಗಳು ಈ ವಿಷಯದಲ್ಲಿ ಬೇರೆ ದಾರಿಯನ್ನು ಹಿಡಿದಿವೆ. ಯೂರೋಪಿನ ಒಕ್ಕೂಟವು ೨೦೦೪ರಲ್ಲಿ ಹೊರಡಿಸಿದ ನಿರ್ದೇಶದ ಪ್ರಕಾರ, ಒಕ್ಕೂಟದ ಪೌರನು ತನ್ನ ದೇಶವನ್ನು ಬಿಟ್ಟು ಒಕ್ಕೂಟದ ಇನ್ನೊಂದು ದೇಶಕ್ಕೆ ಹೋದಾಗ, ಆತನ ಜೊತೆಯಲ್ಲಿ ಹೋಗುವ ವಿದೇಶೀ ಪತ್ನಿಗೆ ಶುಲ್ಕವಿಲ್ಲದೆ, ತ್ವರಿತವಾದ ಕ್ರಮದಲ್ಲಿ ಪ್ರವೇಶದ ವೀಸಾವನ್ನು ಕೊಡತಕ್ಕದ್ದು. ನಮ್ಮ ದೇಶದಲ್ಲಿಯೂ ಭಾರತೀಯ ಪೌರನ ವಿದೇಶೀ ಪತ್ನಿಗೆ ‘ಎಕ್ಸ್’ ಎಂಬ ಪ್ರತ್ಯೇಕವಾದ ಪ್ರವೇಶ ವೀಸಾ ಇದೆ. ವಿವಾಹವು ನೋಂದಣಿಯಾಗಿ ಎರಡು ವರ್ಷಗಳ ಕಾಲ ಅವಿಚ್ಛಿನ್ನವಾಗಿ ನಡೆದುಬಂದಿದ್ದರೆ ಓಸಿಐ ಕಾರ್ಡಿಗೂ ಆಕೆ ಅರ್ಹಳು. ಹೀಗೆ ಗಂಡ ಭಾರತೀಯನಾದರೆ ಅಮೆರಿಕದ ಹೆಂಡತಿ ಇಲ್ಲಿಗೆ ಬಂದುಹೋಗಲು ದಾರಿಯಿದೆ. ಗಂಡ ಅಮೆರಿಕದವನಾದರೆ ಭಾರತೀಯ ಹೆಂಡತಿ ಅಲ್ಲಿಗೆ ಕೇವಲ ಹೋಗಿಬರಲು ಅವಳಿಗೆಂದೇ ಮಾಡಿದ ದಾರಿಯಿಲ್ಲ.

ಅಮೆರಿಕದ ಶಾಸಕರಿಗೆ ಈ ಕೊರತೆಯು ತೋರಿಯೇ ಇಲ್ಲವೆನ್ನಲಾಗದು. ೨೦೦೦ದ ಡಿಸೆಂಬರಿನಲ್ಲಿ ಅವರು ಮಾಡಿದ ಶಾಸನವೊಂದು, ಐ-೧೩೦ ಅರ್ಜಿ ಇನ್ನೂ ವಿಚಾರಣೆಯಲ್ಲಿರುವಾಗಲೇ ಪೌರನ ಪತ್ನಿಯು ಬಂದು ಸೇರಿಕೊಳ್ಳಲು ಕೆ-೩ ಎಂಬ ವೀಸಾವನ್ನೂ, ಗ್ರೀನ್ ಕಾರ್ಡಿನವರ ಪತ್ನಿಯರಲ್ಲಿ ಮೂರು ವರ್ಷ ಕಾದವರಿಗೆ ‘ವಿ’ ಎಂಬ ವೀಸಾವನ್ನೂ ಸೃಷ್ಟಿಸಿತು. ‘ವಿ’ ವೀಸಾದವರನ್ನು ೨೧೪ಬಿಯ ಸಂದೇಹದಿಂದ ಶಾಸನದಲ್ಲಿಯೇ ಹೊರಗಿಟ್ಟಿತು. ಕೆ-೩ ಇಂದು ಬಹುಮಟ್ಟಿಗೆ ಬಳಕೆ ತಪ್ಪಿದೆ. ‘ವಿ’ಯು ಆ ಶಾಸನವಾಗುವ ಹೊತ್ತಿಗೆ ಅರ್ಜಿ ಸಲ್ಲಿಸಿದ್ದವರಿಗೆ ಮಾತ್ರ ಮೀಸಲಾಗಿದ್ದಿತು. ಇವೆರಡೂ ನೆಲೆಸಲು ಹೊರಟವರಿಗಾಗಿ ಮಾಡಿದವು. ನೆಲೆಸಲು ಒಲ್ಲದೆ, ಭಾರತದಲ್ಲಿಯೇ ಬಾಳುತ್ತ, ಆಗಾಗ ಗಂಡನ ಕಡೆಯವರನ್ನು ಕಂಡು ಬರಬೇಕೆನ್ನುವ ಪತ್ನಿಗಾಗಿಯೂ ಅಂಥ ಒಂದು ವಿನಾಯಿತಿಯನ್ನು ಮಾಡಿದರೆ ಆ ದೇಶಕ್ಕೆ ಯಾವ ಹಾನಿಯೂ ಆಗದೆಂದು ನಾನು ದೃಢವಾಗಿ ನಂಬಿದ್ದೇನೆ. ಶಾಶ್ವತವಾಗಿ ಬಂದು ನೆಲೆಸಲು ಕಾನೂನೇ ಯಾರಿಗೆ ಹಾದಿಯನ್ನು ತೆರೆದಿಟ್ಟಿದೆಯೋ, ಆಕೆ ಅದಕ್ಕಿಂತ ಕಡಮೆಯಾದುದನ್ನು ಬೇಡಿದಾಗ ಸಂದೇಹಕ್ಕೆ ಗುರಿಯಾಗುವುದು ವಿವೇಕಕ್ಕೆ ಒಪ್ಪುವ ಮಾತಲ್ಲ.

ವಿನಾಯಿತಿಯಿಲ್ಲದಿರುವಾಗ ಬಂಧುಗಳು ಸೂಚಿಸುವ ಇನ್ನೊಂದು ಉಪಾಯವೆಂದರೆ, ‘ಇಷ್ಟೆಲ್ಲ ಕಷ್ಟವೇಕೆ, ಗ್ರೀನ್ ಕಾರ್ಡನ್ನೇ ಮಾಡಿಸಿಬಿಡಿ’ ಎಂಬುದು. ಈ ಸಲಹೆಯನ್ನು ಎಚ್ಚರಿಕೆಯಿಂದ ತೂಗಿ ನೋಡಬೇಕು. ಗ್ರೀನ್ ಕಾರ್ಡು ಹತ್ತು ವರ್ಷ ಬಾಳುವ ಪ್ರವೇಶಪತ್ರವೆಂದು ತಿಳಿಯುವುದು ತಪ್ಪು. ಅದು ಅಲ್ಲಿಯೇ ವಾಸಿಸುವುದಾಗಿ ಕೊಟ್ಟ ಮಾತಿನ ಗುರುತು. ಒಂದು ವರ್ಷಕ್ಕೂ ಹೆಚ್ಚು ಕಾಲ ಹೊರಗಿದ್ದವರ ಕಾರ್ಡು ಮರಳಿ ಒಳಗೆ ಬರಲು ಸಾಮಾನ್ಯವಾಗಿ ಸಲ್ಲುವುದಿಲ್ಲ. ಮುಂಚಿತವಾಗಿ ಮರುಪ್ರವೇಶದ ಅನುಮತಿಯನ್ನು ಪಡೆದಿದ್ದರೂ ಅದರ ಆಯುಸ್ಸು ಎರಡು ವರ್ಷ. ವರ್ಷಕ್ಕೊಮ್ಮೆ ಹೋಗಿ ಮುಖ ತೋರಿಸಿ ಬರುವವರನ್ನೂ, ‘ನಿಮ್ಮ ಮನೆ ಯಾವ ದೇಶದಲ್ಲಿದೆ?’ ಎಂದು ಗಡಿಯಲ್ಲಿ ಕೇಳುವ ಅಧಿಕಾರ ಅಲ್ಲಿಯವರಿಗೆ ಉಂಟು. ಮೇಲಾಗಿ, ಕಾರ್ಡು ಇರುವಷ್ಟು ಕಾಲವೂ ಮೈಸೂರಿನ ಸಂಬಳಕ್ಕೂ ಬ್ಯಾಂಕಿನ ಬಡ್ಡಿಗೂ ಅಮೆರಿಕದ ಆದಾಯ ತೆರಿಗೆಯ ಇಲಾಖೆಗೆ ಲೆಕ್ಕ ಒಪ್ಪಿಸಬೇಕಾಗುತ್ತದೆ. ಭಾರತದಲ್ಲಿಯೇ ಬಾಳುವ ನಿಶ್ಚಯವಿರುವ ದಂಪತಿಗಳಿಗೆ ಇದು ತಕ್ಕುದಲ್ಲ. ಹಿಂದೆ ಕಾರ್ಡನ್ನು ಪಡೆದು, ಭಾರತಕ್ಕೆ ಬಂದ ಮೇಲೆ ಐ-೪೦೭ ಎಂಬ ಪತ್ರವನ್ನು ಸಲ್ಲಿಸಿ ಕ್ರಮವಾಗಿ ಅದನ್ನು ಹಿಂದಿರುಗಿಸಿದವರ ಮಾತು ಬೇರೆ. ಪ್ರವಾಸಿ ವೀಸಾಕ್ಕೆ ಅರ್ಜಿ ಹಾಕುವಾಗ ಆ ಪತ್ರದ ಪ್ರತಿಯನ್ನು ಅವರು ಅವಶ್ಯವಾಗಿ ಕೊಂಡೊಯ್ಯಬೇಕು. ನೆಲೆಸುವ ಅವಕಾಶ ಕೈಯಲ್ಲಿದ್ದಾಗಲೂ ಅದನ್ನು ಬಿಟ್ಟುಕೊಟ್ಟು ಬಂದವಳು ಈಗ ಕಳ್ಳತನದಿಂದ ನೆಲೆಸಿಯಾಳೇ ಎಂಬ ವಿಚಾರವು ಅಧಿಕಾರಿಯ ಮನಸ್ಸಿನಲ್ಲಿ ಬರುವುದು ಸಹಜ.

ಅರ್ಜಿಯ ನಮೂನೆಗೆ ಡಿಎಸ್-೧೬೦ ಎಂದು ಹೆಸರು. ಶುಲ್ಕವು ೨೦೨೩ರ ಜೂನ್ ತಿಂಗಳಿನಲ್ಲಿ ೧೬೦ರಿಂದ ೧೮೫ ಡಾಲರಿಗೆ ಏರಿತು, ವೀಸಾ ದೊರೆಯದಿದ್ದರೂ ಅದು ಹಿಂದಕ್ಕೆ ಬಾರದು. ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟು ೨೦೨೫ರ ಜನವರಿಯಲ್ಲಿ ಉದ್ಘಾಟಿತವಾಯಿತಾದರೂ ವೀಸಾದ ಕೆಲಸವು ಅದರೊಡನೆಯೇ ಪ್ರಾರಂಭವಾಗದೆ ಹೋದುದರಿಂದ, ಚೆನ್ನೈಗೋ ಹೈದರಾಬಾದಿಗೋ ರೈಲು ಹತ್ತುವುದು ನಮ್ಮವರಿಗೆ ತಪ್ಪಲಿಲ್ಲ. ನಮೂನೆಯಲ್ಲಿ ಗಂಡನ ರಾಷ್ಟ್ರೀಯತೆ ಏನೆಂಬ ಪ್ರಶ್ನೆಯಿದೆ. ಅಮೆರಿಕದಲ್ಲಿ ಸಮೀಪದ ಬಂಧುಗಳು ಯಾರಿದ್ದಾರೆ, ಅವರ ಸ್ಥಿತಿ ಏನು ಎಂಬ ಪ್ರಶ್ನೆಯಿದೆ. ನಿಮ್ಮ ಪರವಾಗಿ ಯಾರಾದರೂ ವಲಸೆಯ ಅರ್ಜಿ ಸಲ್ಲಿಸಿದ್ದಾರೆಯೇ, ಹಿಂದೆ ವೀಸಾ ನಿರಾಕೃತವಾಗಿದೆಯೇ ಎಂಬ ಪ್ರಶ್ನೆಗಳಿವೆ. ಮದುವೆಯ ಸಂಗತಿ ಎದುರಾಗಿ ನಿಲ್ಲುವುದಾದರೆ ಅದನ್ನು ಮರೆಮಾಡಿದರಾಗದೇ ಎಂದು ಕೇಳುವವರುಂಟು; ಸಹಿ ಹಾಕಿಸಿಕೊಂಡು ನಮೂನೆಯನ್ನು ತುಂಬಿಕೊಡುವ ಏಜೆಂಟರಲ್ಲಿ ಕೆಲವರು ಕೇಳದೆಯೇ ಹಾಗೆ ಮಾಡುವುದೂ ಉಂಟು. ಹಾಗೆ ಮಾಡತಕ್ಕದ್ದಲ್ಲ. ೨೧೪ಬಿಯ ನಿರಾಕರಣವು ಆ ದಿನದ ನಿರಾಕರಣ. ಸುಳ್ಳಿನ ಮೇಲೆ ಬೀಳುವ ನಿಷೇಧವು ಶಾಶ್ವತವಾದುದು. ಆದುದರಿಂದ ನಮೂನೆಯನ್ನು ಬೇರೆಯವರಿಗೆ ಬಿಡದೆ, ಗಂಡಹೆಂಡಿರಿಬ್ಬರೂ ಕುಳಿತು ಪ್ರತಿಯೊಂದು ಉತ್ತರವನ್ನೂ ತಾವೇ ಓದಿ ನೋಡಬೇಕು.

ಕಿಟಕಿಯ ಮುಂದೆ ದೊರೆಯುವ ಕಾಲ ಎರಡು ಮೂರು ನಿಮಿಷ. ಅಷ್ಟರಲ್ಲಿ ಅಧಿಕಾರಿ ತಿಳಿಯಬಯಸುವುದು ಒಂದೇ ಒಂದು ವಿಷಯವನ್ನು: ಈ ಸಂಸಾರದ ನೆಲೆ ಎಲ್ಲಿದೆ? ಪತಿಯೂ ಭಾರತದಲ್ಲಿಯೇ ವಾಸಿಸುತ್ತಿದ್ದರೆ ಪತ್ನಿಯ ವಾದವು ಅತ್ಯಂತ ಪ್ರಬಲವಾದುದು. ಆದರೆ ಅದನ್ನು ಕೇಳುವ ಮೊದಲೇ ಹೇಳಬೇಕು. ‘ನನ್ನ ಯಜಮಾನರು ಅಮೆರಿಕದ ಸಿಟಿಜನ್, ನಾವಿಬ್ಬರೂ ಮೈಸೂರಿನಲ್ಲಿ ಇದ್ದೇವೆ, ಅವರು ಇಲ್ಲಿಯೇ ಕೆಲಸದಲ್ಲಿದ್ದಾರೆ, ಅವರ ತಾಯಿಯನ್ನು ನೋಡಲು ನಾವೆಲ್ಲ ಬೇಸಗೆಯ ರಜೆಯಲ್ಲಿ ಹೋಗಿ ಶಾಲೆ ಪ್ರಾರಂಭವಾಗುವುದರೊಳಗೆ ಬರುತ್ತೇವೆ’ ಎಂಬ ನಾಲ್ಕು ವಾಕ್ಯಗಳು, ಬ್ಯಾಂಕಿನ ಪುಸ್ತಕಗಳ ಕಟ್ಟಿಗಿಂತ ಹೆಚ್ಚು ಕೆಲಸ ಮಾಡುತ್ತವೆ. ಪತಿಯ ಓಸಿಐ ಕಾರ್ಡು, ಆತನ ಇಲ್ಲಿಯ ನೌಕರಿಯ ಪತ್ರ, ಮನೆಯ ಕ್ರಯಪತ್ರ ಅಥವಾ ಬಾಡಿಗೆಯ ಕರಾರು, ಮಕ್ಕಳ ಶಾಲೆಯ ಶುಲ್ಕದ ರಸೀದಿ, ಪತ್ನಿಯ ಉದ್ಯೋಗದ ಸ್ಥಳದಿಂದ ರಜೆಯ ಮಂಜೂರಾತಿ, ಇವನ್ನೆಲ್ಲ ಕೈಯಲ್ಲಿ ಇಟ್ಟುಕೊಂಡಿರಬೇಕು; ಅಧಿಕಾರಿ ಅವನ್ನು ನೋಡದೆಯೂ ಇರಬಹುದು. ಅತ್ತೆಮಾವಂದಿರು ಕಳುಹಿಸಿದ ಆಹ್ವಾನಪತ್ರಕ್ಕೂ, ಖರ್ಚನ್ನೆಲ್ಲ ತಾವೇ ವಹಿಸುವುದಾಗಿ ಅವರು ಮಾಡಿದ ಪ್ರಮಾಣಕ್ಕೂ ನಮ್ಮವರು ಕೊಡುವ ಬೆಲೆಯನ್ನು ಅಧಿಕಾರಿ ಕೊಡುವುದಿಲ್ಲ. ಕರೆಯುವವರ ಪ್ರೀತಿಯ ಬಗ್ಗೆ ಆತನಿಗೆ ಸಂದೇಹವಿಲ್ಲ. ಆತ ಅಳೆಯುತ್ತಿರುವುದು ಬರುವವಳ ಹಿಂದಿರುಗುವ ಸಂಕಲ್ಪವನ್ನು.

ಪತಿ ಅಮೆರಿಕದಲ್ಲಿದ್ದು ಪತ್ನಿ ಇಲ್ಲಿರುವ ಪ್ರಸಂಗವು ಕಠಿಣವಾದುದು. ಐ-೧೩೦ ಅರ್ಜಿಯು ವಿಚಾರಣೆಯಲ್ಲಿದ್ದರೆ ಪ್ರವಾಸಿ ವೀಸಾ ಕೊಡಲೇಕೂಡದೆಂದು ಕಾನೂನು ಹೇಳುವುದಿಲ್ಲವಾದರೂ, ನೆಲೆಸುವ ಇಚ್ಛೆಯನ್ನು ಒಂದು ಕಡೆ ಬರೆದುಕೊಟ್ಟು ಮರಳುವ ಸಂಕಲ್ಪವನ್ನು ಇನ್ನೊಂದು ಕಡೆ ಸಾಧಿಸುವುದು ಸುಲಭವಲ್ಲ. ಪತ್ನಿಯು ವೈದ್ಯಕೀಯದ ಸ್ನಾತಕೋತ್ತರ ಓದಿನ ನಡುವೆ ಇದ್ದು ಪರೀಕ್ಷೆ ಬಾಕಿಯಿರುವುದು, ಪತಿ ಇನ್ನಾರು ತಿಂಗಳಲ್ಲಿ ಇಲ್ಲಿಗೇ ಬಂದು ಸೇರುವುದು, ಇಂಥ ಬಲವಾದ ಕಾರಣವಿದ್ದವರು ಪ್ರಯತ್ನಿಸಬಹುದು. ಉಳಿದವರಿಗೆ, ಪತಿಯೇ ರಜೆ ಹಾಕಿ ಇಲ್ಲಿಗೆ ಬಂದು ಹೋಗುವುದೂ ವಲಸೆ ವೀಸಾಕ್ಕಾಗಿ ತಾಳ್ಮೆಯಿಂದ ಕಾಯುವುದೂ ಕ್ಷೇಮವೆಂದೇ ನನ್ನ ಅಭಿಪ್ರಾಯ. ಹಾಗೆ ಕಾಯುವವರ ಸಂಕಟವನ್ನು ನಾನು ಅಲ್ಪವೆಂದು ಭಾವಿಸುವವನಲ್ಲ.

ನಿರಾಕರಣದ ಚೀಟಿ ಬಂದಾಗ ಅದರಲ್ಲಿ ಯಾವ ಪ್ರಕರಣವನ್ನು ನಮೂದಿಸಿದ್ದಾರೆಂಬುದನ್ನು ನೋಡಬೇಕು. ೨೨೧ಜಿ ಎಂದಿದ್ದರೆ ಇನ್ನೂ ಯಾವುದೋ ಕಾಗದವೋ ಪರಿಶೀಲನೆಯೋ ಬಾಕಿಯಿದೆಯೆಂದು ಅರ್ಥ. ಅದನ್ನು ಪೂರೈಸಿದ ಮೇಲೆ ಅರ್ಜಿ ಮುಂದುವರಿಯುತ್ತದೆ. ೨೧೪ಬಿ ಎಂದಿದ್ದರೆ ಮನೆಮಂದಿ ‘ವೀಸಾ ರಿಜೆಕ್ಟ್ ಆಯಿತು’ ಎಂದು ಕಣ್ಣೀರಿಡುವ ಅವಶ್ಯಕತೆಯಿಲ್ಲ. ಅದರ ಮೇಲೆ ಮೇಲ್ಮನವಿಯಿಲ್ಲ, ಸರಿ; ಮತ್ತೆ ಅರ್ಜಿ ಹಾಕಲು ತಡೆಯೂ ಇಲ್ಲ. ಆದರೆ ಮೊದಲಿನ ಸಂದರ್ಶನದಲ್ಲಿ ಹೇಳದೆ ಉಳಿದ ಸಂಗತಿಯೋ, ಅನಂತರ ಬದಲಾದ ಸ್ಥಿತಿಯೋ ಇಲ್ಲದೆ ಮರುವಾರವೇ ಹೋಗಿ ನಿಂತರೆ ಅದೇ ಚೀಟಿ ಮರಳಿ ಬರುವ ಸಂಭವವೇ ಹೆಚ್ಚು. ಸಂದರ್ಶನ ಮುಗಿದ ದಿನವೇ ಯಾವ ಪ್ರಶ್ನೆ ಕೇಳಿದರು, ಏನು ಉತ್ತರ ಹೇಳಿದೆ ಎಂಬುದನ್ನು ಬರೆದಿಟ್ಟುಕೊಂಡವರಿಗೆ ಎರಡನೆಯ ಅರ್ಜಿಯಲ್ಲಿ ಅದು ಬಹಳ ಪ್ರಯೋಜನಕ್ಕೆ ಬರುತ್ತದೆ.

ವೀಸಾ ದೊರೆತ ಮಾತ್ರಕ್ಕೆ ಪ್ರವೇಶ ದೊರೆಯಿತೆಂದಲ್ಲ. ವಿಮಾನ ಇಳಿದಲ್ಲಿ ಗಡಿಯ ಅಧಿಕಾರಿಯು ಅದೇ ಪ್ರಶ್ನೆಗಳನ್ನು ಮತ್ತೊಮ್ಮೆ ಕೇಳಬಹುದು. ಅಬುಧಾಬಿಯ ಮೂಲಕ ಹೋಗುವ ಕೆಲವು ವಿಮಾನಗಳವರಿಗೆ ೨೦೧೪ರಿಂದ ಆ ಪರಿಶೀಲನೆಯು ಅಬುಧಾಬಿಯಲ್ಲಿಯೇ ನಡೆಯುತ್ತಿದೆ. ಪತಿಯೂ ಮಕ್ಕಳೂ ಪೌರರ ಸಾಲಿನಲ್ಲಿ ಮುಂದೆ ಹೋಗಿಬಿಡದೆ ಆಕೆಯ ಜೊತೆಯಲ್ಲಿಯೇ ಅಧಿಕಾರಿಯ ಮುಂದೆ ನಿಲ್ಲಲು ಕೇಳಿಕೊಳ್ಳುವುದು ಮೇಲು. ಇಡೀ ಸಂಸಾರವನ್ನೂ ಮರಳುವ ಟಿಕೆಟ್ಟುಗಳನ್ನೂ ಒಟ್ಟಾಗಿ ಕಂಡ ಅಧಿಕಾರಿಗೆ ಬೇರೆ ವಿವರಣೆ ಬೇಕಾಗುವುದು ಕಡಮೆ. ಹತ್ತು ವರ್ಷವೆಂಬುದು ವೀಸಾದ ಆಯುಸ್ಸು. ಒಂದು ಭೇಟಿಯಲ್ಲಿ ಎಷ್ಟು ದಿನ ಇರಬಹುದೆಂಬುದನ್ನು ನಿರ್ಧರಿಸುವುದು ಐ-೯೪ ಎಂಬ ದಾಖಲೆ, ಸಾಮಾನ್ಯವಾಗಿ ಆರು ತಿಂಗಳು. ಅಲ್ಲಿ ಇರುವಾಗ ಅತ್ತೆಯ ಕಾಯಿಲೆ ಉಲ್ಬಣಿಸಿ ಇನ್ನಷ್ಟು ದಿನ ನಿಲ್ಲಬೇಕಾಗಿ ಬಂದರೆ, ಆ ತಾರೀಕು ಕಳೆಯುವುದಕ್ಕೆ ಮೊದಲೇ ಐ-೫೩೯ ಎಂಬ ಅರ್ಜಿಯನ್ನು ಸಲ್ಲಿಸಬೇಕು. ಅವಧಿ ಮೀರಿ ೧೮೦ ದಿನಗಳಿಗೂ ಹೆಚ್ಚು ಕಾಲ ಅಕ್ರಮವಾಗಿ ಇದ್ದು ಹೊರಟವರಿಗೆ ಮೂರು ವರ್ಷ, ಒಂದು ವರ್ಷವೋ ಅದಕ್ಕೂ ಹೆಚ್ಚು ಕಾಲವೋ ಇದ್ದು ಹೊರಟವರಿಗೆ ಹತ್ತು ವರ್ಷ ಪ್ರವೇಶವಿಲ್ಲವೆಂಬುದು ೧೯೯೬ರ ಶಾಸನದ ಕಟ್ಟಳೆ. ಊರಿಗೆ ಮರಳಿದ ಮೇಲೆ ಬೋರ್ಡಿಂಗ್ ಪಾಸನ್ನೂ ಭಾರತದ ಇಮಿಗ್ರೇಷನ್ನಿನವರು ಒತ್ತಿದ ಮುದ್ರೆಯ ಪ್ರತಿಯನ್ನೂ ತೆಗೆದಿರಿಸಬೇಕು. ಮುಂದಿನ ಪ್ರಯಾಣದಲ್ಲಿ ಗಡಿಯ ಅಧಿಕಾರಿ ಹಿಂದಿನ ಸಲ ಎಷ್ಟು ದಿನ ಇದ್ದಿರೆಂದು ಕೇಳಿದಾಗ ತೋರಿಸುವುದಕ್ಕೂ, ಪಾಸ್‌ಪೋರ್ಟು ಬದಲಾಗಿ ಹತ್ತು ವರ್ಷಗಳ ಅನಂತರ ಹೊಸ ವೀಸಾಕ್ಕೆ ಅರ್ಜಿ ಹಾಕುವಾಗ ಡಿಎಸ್-೧೬೦ರಲ್ಲಿ ಹಿಂದಿನ ಭೇಟಿಗಳ ತಾರೀಕುಗಳನ್ನು ತಪ್ಪಿಲ್ಲದೆ ತುಂಬುವುದಕ್ಕೂ ಅವು ಬೇಕಾಗುತ್ತವೆ.